ಕೀಲಿಕೈ ಕೊಟ್ಟ ಕೈಗಳಿಗೆ ಶಿಕ್ಷೆ ಯಾವಾಗ?

ಒಬ್ಬನನ್ನು ಚೂರಿಯಿಂದ ಇರಿದು ಕೊಂದವನು ಅದೇ ದಿನ ರಾತ್ರಿ ಮನೆಗೆ ಮರಳಿ ಹೆಂಡತಿ ಮಕ್ಕಳೊಂದಿಗೆ ಊಟಕ್ಕೆ ಕೂರುವುದನ್ನು ನಾವು ಊಹಿಸಲಾರೆವು. ಆದರೆ ಅದೇ ವ್ಯಕ್ತಿ ಕಾರು ಹರಿಸಿ ಒಬ್ಬನನ್ನು ಕೊಂದನೆಂದಿಟ್ಟುಕೊಳ್ಳಿ. ಆತ ಸಂಜೆಯೊಳಗೆ ಠಾಣೆಯಿಂದಲೇ ಜಾಮೀನು ಪಡೆದು ಮನೆ ಸೇರಬಹುದು. ಇದರಲ್ಲಿ ಕಾನೂನಿನ ಉಲ್ಲಂಘನೆಯೇನೂ ಇಲ್ಲ. ಕಾನೂನು ಇರುವುದೇ ಹಾಗೆ. 1870ರಲ್ಲಿ ಬ್ರಿಟಿಷರು ದಂಡ ಸಂಹಿತೆಗೆ ಸೇರಿಸಿದ 304ಎ ಸೆಕ್ಷನ್ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದವನಿಗೆ ಗರಿಷ್ಠ 2 ವರ್ಷದ ಸಜೆ ಅಥವಾ ದಂಡ ಎಂದು ನಿಗದಿಪಡಿಸಿತು. ರಸ್ತೆಯಲ್ಲಿ ಕುದುರೆಗಾಡಿಗಳು ಓಡುತ್ತಿದ್ದ ಕಾಲದ ಈ ಅಳತೆಗೋಲು ನೂರೈವತ್ತಕ್ಕೂ ಹೆಚ್ಚು ವರ್ಷಗಳ ಕಾಲ ನಮ್ಮ ರಸ್ತೆಗಳನ್ನು ಆಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1) ಸೆಕ್ಷನ್ ಆ 2 ವರ್ಷವನ್ನು 5 ವರ್ಷಕ್ಕೆ ಏರಿಸಿದೆ. ಆದರೂ ಅದು ಜಾಮೀನು ಸಿಗುವ ಅಪರಾಧವಾಗಿಯೇ ಉಳಿದಿದೆ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳಕೊಂಡರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ದಿನವೊಂದಕ್ಕೆ 460ಕ್ಕೂ ಹೆಚ್ಚು ಹೆಣಗಳು. ಇಷ್ಟೊಂದು ಮಂದಿ ಒಂದು ಕೋಮು ಗಲಭೆಯಲ್ಲೋ ಒಂದು ಬಾಂಬ್ ಸ್ಫೋಟದಲ್ಲೋ ಸತ್ತಿದ್ದರೆ ಸರಕಾರಗಳು ಉರುಳುತ್ತಿದ್ದುವು. ಆದರೆ ಇವರು ಒಬ್ಬೊಬ್ಬರಾಗಿ, ಬೇರೆ ಬೇರೆ ಊರುಗಳಲ್ಲಿ, ಪತ್ರಿಕೆಯ ಒಳಪುಟದ ಸಣ್ಣ ಸುದ್ದಿಯಾಗಿ ಸಾಯುತ್ತಾರೆ. ಆದ್ದರಿಂದ ಯಾವ ಸರಕಾರಕ್ಕೂ ಮುಜುಗರವಿಲ್ಲ. ಯಾವ ಸಮುದಾಯಕ್ಕೂ ಪಶ್ಚಾತ್ತಾಪವಿಲ್ಲ.

ಶಿಕ್ಷೆಯ ಪ್ರಮಾಣ ಹೆಚ್ಚಬೇಕೇ ಎಂಬ ಚರ್ಚೆ ಪ್ರತಿ ದೊಡ್ಡ ಅಪಘಾತದ ಬಳಿಕ ಎದ್ದು, ವಾರದೊಳಗೆ ತಣ್ಣಗಾಗುತ್ತದೆ. ನಿಜವಾಗಿ, ಎಷ್ಟು ವರ್ಷ ಎಂಬುದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯೇ ಇದೆ. ಅಪಘಾತದ ಹೊಣೆ ಯಾರದು? ಸ್ಟಿಯರಿಂಗ್ ಹಿಡಿದವನೊಬ್ಬನದೇ? ಅವನ ಕೈಗೆ ಕೀಲಿಕೈ ಕೊಟ್ಟವನದೂ ಅಲ್ಲವೇ?

ಬದಲಾಗುವ ಚಾಲಕ

ನಮ್ಮ ಪಟ್ಟಣಗಳ ಒಂದು ಕೆಟ್ಟ ಪರಿಪಾಠವನ್ನು ಎಲ್ಲರೂ ಬಲ್ಲರು. ಆದರೆ ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ಅನುಕೂಲಸ್ಥರ ಮನೆಯ ಹುಡುಗನ ಬೈಕೋ ಕಾರೋ ಯಾರಿಗಾದರೂ ಬಡಿದರೆ ಮೊದಲ ಕರೆ ಹೋಗಬೇಕಾದದ್ದು ಆಂಬುಲೆನ್ಸ್‌ಗೆ. ಆದರೆ ಅದು ಹೋಗುವುದು ಊರಿನ ಪ್ರಭಾವಿ ವ್ಯಕ್ತಿಗೆ. ಗಾಯಾಳು ರಸ್ತೆಯಲ್ಲಿ ನರಳುತ್ತಿರುವಾಗಲೇ ಲೈಸೆನ್ಸ್ ಇರುವ ಒಬ್ಬನ ಹುಡುಕಾಟ ಆರಂಭವಾಗುತ್ತದೆ. ಅಂಗಡಿಯ ಕೆಲಸದವನೋ, ಮನೆಯ ಡ್ರೈವರೋ, ದೂರದ ಬಡ ಸಂಬಂಧಿಯೋ ಸಿಗುತ್ತಾನೆ. ‘ಕೋರ್ಟು ಖರ್ಚು ನಮ್ಮದು, ನಿನ್ನ ಮನೆಯನ್ನು ನಾವು ನೋಡಿಕೊಳ್ಳುತ್ತೇವೆ’ ಎಂಬ ಭರವಸೆಯ ಮೇಲೆ ಆತ ಠಾಣೆಗೆ ಹೋಗಿ, ವಾಹನ ಓಡಿಸಿದ್ದು ತಾನೇ ಎಂದು ಹೇಳುತ್ತಾನೆ. ಓಡಿಸಿದ ಹುಡುಗ ಕೆಲವು ದಿನ ಅಜ್ಜಿಮನೆಯಲ್ಲಿದ್ದು ಮರಳಿ ಬರುತ್ತಾನೆ.

ಇದನ್ನು ‘ಮಕ್ಕಳ ಭವಿಷ್ಯ’ ಎಂದು ಸಮರ್ಥಿಸುವವರಿದ್ದಾರೆ. ಹಾಗಾದರೆ ಹಣಕ್ಕಾಗಿ ಅಪರಾಧಿಯ ಪಟ್ಟ ಹೊತ್ತ ಆ ಬಡವನ ಮಕ್ಕಳಿಗೆ ಭವಿಷ್ಯವಿಲ್ಲವೇ? ಅಪರಾಧಿಯನ್ನು ಪಾರುಮಾಡಲು ಸಾಕ್ಷ್ಯ ಅಡಗಿಸುವುದು, ಸುಳ್ಳು ಮಾಹಿತಿ ನೀಡುವುದು ಅಪಘಾತಕ್ಕಿಂತ ಪ್ರತ್ಯೇಕವಾದ ಅಪರಾಧ. ಅಪಘಾತ ನಿರ್ಲಕ್ಷ್ಯದಿಂದ ಆಗಿರಬಹುದು. ಇದಾದರೋ, ಹಿರಿಯರು ಕೂತು ಸಮಾಲೋಚಿಸಿ, ಉದ್ದೇಶಪೂರ್ವಕವಾಗಿ ಮಾಡುವ ವಂಚನೆ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ನಡೆದದ್ದನ್ನು ಇಡೀ ದೇಶ ನೋಡಿತು. 17ರ ಹರೆಯದ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಬಡಿದು ಇಬ್ಬರು ಯುವ ಸಾಫ್ಟ್‌ವೇರ್ ಇಂಜಿನಿಯರುಗಳು ಸತ್ತರು. ಕೆಲವೇ ಗಂಟೆಗಳೊಳಗೆ ಬಾಲ ನ್ಯಾಯ ಮಂಡಳಿ ಆತನಿಗೆ ಜಾಮೀನು ನೀಡಿತು. ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಕುರಿತು 300 ಪದಗಳ ಪ್ರಬಂಧ ಬರೆಯಬೇಕೆಂಬುದು. ಜನ ರೊಚ್ಚಿಗೆದ್ದದ್ದು ಆ ಪ್ರಬಂಧದಿಂದಾಗಿ. ಆದರೆ ಪ್ರಬಂಧಕ್ಕಿಂತ ಭಯಾನಕವಾದುದು ಆ ಬಳಿಕ ಹೊರಬಂದ ಆರೋಪಗಳು. ಹುಡುಗನ ರಕ್ತದ ಮಾದರಿಯನ್ನೇ ಆಸ್ಪತ್ರೆಯಲ್ಲಿ ಬದಲಿಸಲಾಯಿತು, ಮನೆಯ ಡ್ರೈವರನ್ನು ಕೂಡಿಹಾಕಿ ತಪ್ಪು ಒಪ್ಪಿಕೊಳ್ಳುವಂತೆ ಒತ್ತಾಯಿಸಲಾಯಿತು ಎಂಬ ಆರೋಪದ ಮೇಲೆ ಪೊಲೀಸರು ಹುಡುಗನ ಹೆತ್ತವರನ್ನೂ ಅಜ್ಜನನ್ನೂ ವೈದ್ಯರನ್ನೂ ಬಂಧಿಸಿದರು. ಈ ಆರೋಪಗಳನ್ನು ನ್ಯಾಯಾಲಯ ತೂಗಿ ನೋಡಲಿ. ಆದರೆ ಪುಣೆಯ ಸುದ್ದಿ ಓದಿ ಮೂಗಿನ ಮೇಲೆ ಬೆರಳಿಟ್ಟವರು, ತಮ್ಮ ಊರಿನ ಠಾಣೆಯಲ್ಲಿ ಇಂಥದ್ದೇ ಎಷ್ಟು ಸಲ ನಡೆದಿದೆ ಎಂದು ಒಮ್ಮೆ ನೆನಪಿಸಿಕೊಳ್ಳಲಿ. ಪೋರ್ಷೆಯ ಬದಲು ಸ್ಕೂಟರ್ ಇದ್ದ ಕಾರಣ ಅದು ಸುದ್ದಿಯಾಗಿರಲಿಲ್ಲ, ಅಷ್ಟೆ.

ಹಣವಿರುವವರ ಎದುರು ತನಿಖೆ ಎಷ್ಟು ದುರ್ಬಲವಾಗುತ್ತದೆ ಎಂಬುದಕ್ಕೆ ದೆಹಲಿಯ ಬಿಎಂಡಬ್ಲ್ಯು ಪ್ರಕರಣವೂ ಸಾಕ್ಷಿ. 1999ರ ಜನವರಿಯಲ್ಲಿ ಪೊಲೀಸರೂ ಸೇರಿ 6 ಮಂದಿ ಆ ಕಾರಿಗೆ ಬಲಿಯಾದರು. ಸಾಕ್ಷಿಗಳು ತಿರುಗಿಬಿದ್ದರು. ಪ್ರತಿವಾದಿಯ ಹಿರಿಯ ವಕೀಲರೇ ಸಾಕ್ಷಿಯ ಮೇಲೆ ಪ್ರಭಾವ ಬೀರಲು ಯತ್ನಿಸಿದ್ದಕ್ಕಾಗಿ 2008ರಲ್ಲಿ ದೆಹಲಿ ಹೈಕೋರ್ಟಿನಿಂದ ನ್ಯಾಯಾಂಗ ನಿಂದನೆಯ ಅಪರಾಧಿಯೆಂದು ಘೋಷಿಸಲ್ಪಟ್ಟರು. 2012ರಲ್ಲಿ ಸುಪ್ರೀಂ ಕೋರ್ಟ್, ಇದು ಬರೇ ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ನರಹತ್ಯೆ ಎಂದೇ ತೀರ್ಮಾನಿಸಿತು. ಆದರೆ ಶಿಕ್ಷೆ? ಅದಾಗಲೇ ಅನುಭವಿಸಿದ್ದ 2 ವರ್ಷದ ಸಜೆ, 50 ಲಕ್ಷ ರೂಪಾಯಿ ಮತ್ತು 2 ವರ್ಷದ ಸಮುದಾಯ ಸೇವೆ. ಆರು ಪ್ರಾಣಗಳಿಗೆ!

2002ರ ಸೆಪ್ಟೆಂಬರಿನಲ್ಲಿ ಮುಂಬೈಯ ಬಾಂದ್ರಾದಲ್ಲಿ ಚಿತ್ರನಟ ಸಲ್ಮಾನ್ ಖಾನ್‌ರ ಕಾರು ಕಾಲುದಾರಿಯಲ್ಲಿ ಮಲಗಿದ್ದವರ ಮೇಲೆ ಹರಿದು ಒಬ್ಬ ಸತ್ತ, ನಾಲ್ವರು ಗಾಯಗೊಂಡರು. 2015ರ ಮೇಯಲ್ಲಿ ಸೆಷನ್ಸ್ ನ್ಯಾಯಾಲಯ ನಟನಿಗೆ 5 ವರ್ಷದ ಸಜೆ ವಿಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್, ಆರೋಪ ಸಂಶಯಾತೀತವಾಗಿ ಸಾಬೀತಾಗಿಲ್ಲವೆಂದು ಅವರನ್ನು ಖುಲಾಸೆಗೊಳಿಸಿತು. ತೀರ್ಪನ್ನು ಗೌರವಿಸೋಣ. ಆದರೆ ಖುಲಾಸೆಯ ದಿನ ಸಂಭ್ರಮಿಸಿದ ಅಭಿಮಾನಿಗಳಲ್ಲಿ ಎಷ್ಟು ಮಂದಿ ಸತ್ತವನ ಬಗ್ಗೆ ಯೋಚಿಸಿದರು? 13 ವರ್ಷಗಳ ವಿಚಾರಣೆಯ ಕೊನೆಯಲ್ಲಿ, ಆ ಬಡವನ ಸಾವಿಗೆ ಹೊಣೆ ಯಾರೆಂಬ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲವೆಂದರೆ, ಅದು ತನಿಖೆಯ ಸೋಲು. ಆ ಸೋಲಿನ ಮೇಲೆ ಪಟಾಕಿ ಸಿಡಿಸುವಂಥದ್ದೇನಿದೆ?

ಮುದ್ದಿನ ಹೆಸರಿನಲ್ಲಿ

ಹತ್ತನೆಯ ತರಗತಿ ಪಾಸಾದ ಮಗನಿಗೆ ಬೈಕು ಕೊಡಿಸುವುದು ನಮ್ಮ ಮನೆಗಳಲ್ಲಿ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಗಲ್ಫಿನಲ್ಲಿ ದುಡಿಯುವ ತಂದೆ ಮಗನನ್ನು ವರ್ಷಕ್ಕೊಮ್ಮೆಯೂ ಕಾಣಲಾಗದ ನೋವನ್ನು ಬೈಕಿನ ರೂಪದಲ್ಲಿ ತೀರಿಸಿಕೊಳ್ಳುತ್ತಾನೆ. ತಾಯಿ ಬೇಡವೆನ್ನಲಾರಳು. ಹುಡುಗ ಸೈಲೆನ್ಸರ್ ಬದಲಿಸಿ, ಹೆಲ್ಮೆಟ್ ಇಲ್ಲದೆ, ಮೂವರನ್ನು ಕೂರಿಸಿಕೊಂಡು ಮಸೀದಿಯ ಮುಂದಿನಿಂದಲೇ ಹಾದುಹೋಗುತ್ತಾನೆ. ಹಿರಿಯರು ನೋಡಿಯೂ ನೋಡದಂತಿರುತ್ತಾರೆ.

ಈ ತಂದೆ ತಾಯಂದಿರು ಒಂದು ಸಂಗತಿಯನ್ನು ತಿಳಿದಿರಬೇಕು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಸೆಕ್ಷನ್ ಸೇರಿದೆ. ಅದರಂತೆ, ಅಪ್ರಾಪ್ತನು ವಾಹನ ಓಡಿಸಿ ಅಪರಾಧವೆಸಗಿದರೆ ಆತನ ಪೋಷಕ ಅಥವಾ ವಾಹನದ ಮಾಲಕನನ್ನೇ ತಪ್ಪಿತಸ್ಥನೆಂದು ಪರಿಗಣಿಸಲಾಗುತ್ತದೆ. ಶಿಕ್ಷೆ 3 ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ತಾನು ಸಾಕಷ್ಟು ಎಚ್ಚರ ವಹಿಸಿದ್ದೆ ಎಂದು ಸಾಬೀತುಪಡಿಸುವ ಹೊಣೆಯೂ ಪೋಷಕನದೇ. ಬೈಕು ಕೊಡಿಸಿ, ಪೆಟ್ರೋಲಿಗೂ ಹಣ ಕೊಟ್ಟ ತಂದೆ ಅದನ್ನು ಹೇಗೆ ಸಾಬೀತುಪಡಿಸಿಯಾನು?

‘ಇನ್ಶೂರೆನ್ಸ್ ಇದೆಯಲ್ಲ’ ಎಂಬುದು ಇನ್ನೊಂದು ಭ್ರಮೆ. ಲೈಸೆನ್ಸ್ ಇಲ್ಲದವನು ವಾಹನ ಓಡಿಸಿದಾಗ ವಿಮಾ ಕಂಪೆನಿ ಮೊದಲು ಸಂತ್ರಸ್ತರಿಗೆ ಪರಿಹಾರ ನೀಡಿ, ಆ ಬಳಿಕ ಅದೇ ಮೊತ್ತವನ್ನು ಮಾಲಕನಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸುತ್ತಾ ಬಂದಿವೆ. ಅಪ್ರಾಪ್ತನೊಬ್ಬ ಓಡಿಸಿದ ಬೈಕಿನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ವಾಹನ ಮಾರಿ ಆರ್‌ಸಿ ಬದಲಿಸದೆ ಕೂತವರೂ ಪಾರಾಗುವುದಿಲ್ಲ. ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಮಗನ ಮೇಲಿನ ಮುದ್ದಿಗೆ ಮನೆಯ ಜಾಗವನ್ನೇ ಮಾರಬೇಕಾದೀತು. ಈ ಭಯವೂ ಇಲ್ಲವಾದರೆ, ಮಗನನ್ನೇ ಮಣ್ಣು ಮಾಡಬೇಕಾದೀತು ಎಂಬ ಭಯವಾದರೂ ಬೇಡವೇ?

ಇಷ್ಟೆಲ್ಲ ಇದ್ದೂ, 199ಎ ಅನ್ವಯ ಜೈಲಿಗೆ ಹೋದ ತಂದೆಯ ಸುದ್ದಿಯನ್ನು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಕಾನೂನು ಪುಸ್ತಕದಲ್ಲಿ ಕಠಿಣವಾಗಿದ್ದು ಠಾಣೆಯಲ್ಲಿ ಮೃದುವಾದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ದೊಡ್ಡವರ ಮಗನಾದರೆ ಫೋನು ಬರುತ್ತದೆ. ಆಟೋ ಡ್ರೈವರನ ಮಗನಾದರೆ ಸೆಕ್ಷನ್ ನೆನಪಾಗುತ್ತದೆ.

ವಿಧಿಯ ಮೇಲೆ ಭಾರ ಹಾಕಿ

ಅಪಘಾತದ ಬಳಿಕ ಸತ್ತವನ ಮನೆಗೆ ಹೋಗುವ ಮಧ್ಯವರ್ತಿಗಳ ಬಾಯಲ್ಲಿ ಮೊದಲು ಬರುವ ಮಾತು, ‘ಎಲ್ಲ ಅಲ್ಲಾಹನ ವಿಧಿ, ಏನು ಮಾಡಲಾಗುತ್ತದೆ?’ ಎಂಬುದು. ಮರಣದ ಸಮಯ ನಿರ್ಧರಿತ ಎಂಬುದು ನಮ್ಮ ವಿಶ್ವಾಸ. ಅದು ದುಃಖಿತರಿಗೆ ಸಾಂತ್ವನ. ಆದರೆ ಅದನ್ನೇ ಕೊಂದವನ ಪರ ವಕೀಲಿಕೆಗೆ ಬಳಸುವುದು ಧರ್ಮದ ದುರುಪಯೋಗ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೇ ಸೂಕ್ತವು ಉದ್ದೇಶವಿಲ್ಲದೆ ಸಂಭವಿಸಿದ ಹತ್ಯೆಗೂ ಹೊಣೆಯನ್ನು ನಿಗದಿಪಡಿಸುತ್ತದೆ. ಮೃತನ ಕುಟುಂಬಕ್ಕೆ ರಕ್ತಪರಿಹಾರ ಸಲ್ಲಬೇಕು. ಅದರ ಜೊತೆಗೆ ಗುಲಾಮ ವಿಮೋಚನೆಯ ಪ್ರಾಯಶ್ಚಿತ್ತವಿದೆ. ಅದು ಸಾಧ್ಯವಿಲ್ಲದವನಿಗೆ ಸತತ ಎರಡು ತಿಂಗಳ ಉಪವಾಸ. ಎಲ್ಲವೂ ವಿಧಿಯೇ ಎಂದಾಗಿದ್ದರೆ ಈ ಪರಿಹಾರವೇಕೆ, ಈ ಪ್ರಾಯಶ್ಚಿತ್ತವೇಕೆ? ಪರಿಹಾರದ ಹಣವನ್ನು ವಿಮಾ ಕಂಪೆನಿ ಕೊಡಬಹುದು. ಆದರೆ ಎರಡು ತಿಂಗಳ ಉಪವಾಸವನ್ನು ಯಾವ ಕಂಪೆನಿಯೂ ಹಿಡಿಯಲಾರದು. ಬದಲಿ ಡ್ರೈವರನನ್ನು ಠಾಣೆಗೆ ಕಳಿಸಬಹುದು. ಪರಲೋಕದ ವಿಚಾರಣೆಗೆ ಕಳಿಸಲಾಗದು. 1993ರಲ್ಲಿ ಬ್ರುನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕ ಹೊಣೆ ಎಂದೂ, ಅಪಘಾತದಿಂದಾದ ಹಾನಿಗೆ ಚಾಲಕ ಉತ್ತರದಾಯಿ ಎಂದೂ ನಿರ್ಣಯಿಸಿದೆ.

ವಿಪರ್ಯಾಸವೆಂದರೆ, ಇದೇ ಕಾನೂನಿನ ಅಡಿಯಲ್ಲಿ ದುಬೈಯಲ್ಲೋ ಅಬುಧಾಬಿಯಲ್ಲೋ ವರ್ಷಗಟ್ಟಲೆ ಎಚ್ಚರದಿಂದ ವಾಹನ ಓಡಿಸುವ ನಮ್ಮ ಯುವಕರು ರಜೆಯಲ್ಲಿ ಊರಿಗೆ ಬಂದೊಡನೆ ಬೇರೆಯೇ ಮನುಷ್ಯರಾಗುತ್ತಾರೆ. ಅಲ್ಲಿ ಒಂದು ಸಾವಿಗೆ 2 ಲಕ್ಷ ದಿರ್ಹಮ್ ರಕ್ತಪರಿಹಾರವೆಂಬ ಅಳುಕಿತ್ತು. ಸೀಟ್ ಬೆಲ್ಟ್ ಇಲ್ಲದೆ ಕಾರು ಹೊರಡುತ್ತಿರಲಿಲ್ಲ. ಇಲ್ಲಿ ‘ನಮ್ಮವರು ಇದ್ದಾರೆ, ನೋಡಿಕೊಳ್ಳುತ್ತಾರೆ’ ಎಂಬ ಧೈರ್ಯ. ಕಾನೂನಿನ ಭಯ ಇರುವಲ್ಲಿ ಮಾತ್ರ ಕಾಣಿಸಿಕೊಳ್ಳುವ ಶಿಸ್ತನ್ನು ಧರ್ಮನಿಷ್ಠೆ ಎನ್ನಲಾದೀತೇ?

ರಾಜಿ ಪಂಚಾಯತಿಯ ಮಾತಿಗೆ ಬರೋಣ. ಕುರ್‌ಆನ್ ಕ್ಷಮೆಯ ಹಕ್ಕನ್ನು ನೀಡಿರುವುದು ಮೃತನ ಮನೆಯವರಿಗೆ. ನಮ್ಮಲ್ಲಿ ಅದನ್ನು ಕೊಂದವನ ಕಡೆಯವರು ವಸೂಲು ಮಾಡುತ್ತಾರೆ. ಇದ್ದತ್ ಕೂಡ ಮುಗಿಯದ ವಿಧವೆಯ ಮುಂದೆ ಊರ ಹಿರಿಯರು ಕೂತು, 50 ಸಾವಿರವೋ ಒಂದು ಲಕ್ಷವೋ ಇಟ್ಟು, ಕಾಗದಕ್ಕೆ ಸಹಿ ಪಡೆದು, ‘ದೊಡ್ಡ ಮನಸ್ಸು ಮಾಡಿ’ ಎನ್ನುತ್ತಾರೆ. ನಿರ್ಲಕ್ಷ್ಯದ ಸಾವಿನ ಪ್ರಕರಣವನ್ನು ಹೀಗೆ ರಾಜಿಯಲ್ಲಿ ಮುಗಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಮುಗಿಯುವುದು ಸಾಕ್ಷಿಗಳು ಬಾಯಿ ಮುಚ್ಚುವುದರಿಂದ.

ಆ ವಿಧವೆಗೆ ಕಾನೂನು ಕೊಟ್ಟಿರುವುದೇನೆಂದು ಹಿರಿಯರು ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ, ಯಾರ ತಪ್ಪೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪರಿಹಾರವಿದೆ. ತಪ್ಪು ಸಾಬೀತುಪಡಿಸಿ 166ನೇ ಸೆಕ್ಷನ್ ಅಡಿ ಮೊಕದ್ದಮೆ ಹೂಡಿದರೆ ಮೃತನ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆ ನೋಡಿ ನ್ಯಾಯಮಂಡಳಿ ಇನ್ನೂ ಹೆಚ್ಚು ಕೊಡಿಸಬಹುದು. ಬಡಿದು ಪರಾರಿಯಾದ ವಾಹನ ಪತ್ತೆಯಾಗದಿದ್ದರೂ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ ನಿಗದಿಯಾಗಿದೆ. 2019ರ ತಿದ್ದುಪಡಿಯು ಅರ್ಜಿಗೆ 6 ತಿಂಗಳ ಗಡುವನ್ನೂ ವಿಧಿಸಿರುವುದರಿಂದ ತಡಮಾಡುವುದು ಅಪಾಯ. ಇವೆಲ್ಲಕ್ಕೂ ಎಫ್‌ಐಆರ್ ಮತ್ತು ಪೊಲೀಸ್ ದಾಖಲೆಗಳೇ ಬುನಾದಿ. ‘ಕೇಸು ಬೇಡ’ ಎಂದು ಮನವೊಲಿಸಿದವರು ಅನಾಥ ಮಕ್ಕಳ ಅನ್ನವನ್ನೇ ಕಸಿದಂತೆ. ಅನಾಥರ ಸೊತ್ತಿನ ಬಗ್ಗೆ ಕುರ್‌ಆನ್ ನೀಡಿದ ಎಚ್ಚರಿಕೆಯನ್ನು ಈ ಹಿರಿಯರು ಓದಿಲ್ಲವೇ?

ಲಾರಿ ಚಾಲಕನೊಬ್ಬನೇ ಅಪರಾಧಿಯೇ?

ನ್ಯಾಯ ಸಂಹಿತೆಯ 106(2) ಸೆಕ್ಷನ್, ಸಾವು ಸಂಭವಿಸಿದ ಬಳಿಕ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾಗುವ ಚಾಲಕನಿಗೆ 10 ವರ್ಷದವರೆಗಿನ ಸಜೆಯನ್ನು ಹೇಳುತ್ತದೆ. 2024ರ ಜನವರಿಯ ಆರಂಭದಲ್ಲಿ ಲಾರಿ ಚಾಲಕರು ಇದರ ವಿರುದ್ಧ ಮುಷ್ಕರ ಹೂಡಿದಾಗ ಹಲವು ಕಡೆ ಪೆಟ್ರೋಲ್ ಬಂಕುಗಳೇ ಬರಿದಾದವು. ಸರಕಾರ ಹಿಂಜರಿಯಿತು. ಉಳಿದ ಸಂಹಿತೆ ಜಾರಿಗೆ ಬಂದಾಗ ಈ ಉಪಸೆಕ್ಷನನ್ನು ಮಾತ್ರ ಹೊರಗಿಡಲಾಯಿತು.

ಚಾಲಕರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ನಿಂತರೆ ಜನ ಬಡಿದು ಕೊಲ್ಲುತ್ತಾರೆ ಎನ್ನುತ್ತಾರೆ ಅವರು. ಇಂದಿನ ವಾತಾವರಣದಲ್ಲಿ ಚಾಲಕನ ಹೆಸರು ಕೇಳಿ ರೋಷದ ಪ್ರಮಾಣ ನಿರ್ಧರಿಸುವವರೂ ಇದ್ದಾರೆ. ಇದನ್ನು ಕಾನೂನೇ ಬಲ್ಲದು. ಗಾಯಾಳುವಿಗೆ ಚಿಕಿತ್ಸೆ ಒದಗಿಸಬೇಕೆಂದು ಆದೇಶಿಸುವ 134ನೇ ಸೆಕ್ಷನ್, ಗುಂಪಿನ ರೋಷದಿಂದ ಅದು ಅಸಾಧ್ಯವಾದರೆ ವಿನಾಯಿತಿ ನೀಡುತ್ತದೆ. ಅಂದರೆ ಪ್ರಾಣಭಯವಿರುವವನು ನೇರ ಠಾಣೆಗೆ ಹೋಗಬಹುದು. ಠಾಣೆಗೆ ಹೋಗುವುದಕ್ಕೂ ರಾತ್ರೋರಾತ್ರಿ ಗಡಿ ದಾಟುವುದಕ್ಕೂ ವ್ಯತ್ಯಾಸವಿದೆ. ನಡುರಸ್ತೆಯಲ್ಲಿ ಚಾಲಕನಿಗೆ ಬಡಿಯುವ ಗುಂಪೂ ಅಪರಾಧಿಯೇ. ಆ ಗುಂಪು ಇರುವ ತನಕ ಪರಾರಿಯಾಗುವವನಿಗೆ ನೆಪವೂ ಇರುತ್ತದೆ.

ಚಾಲಕರ ಎರಡನೆಯ ಅಳಲು ಇನ್ನೂ ಗಂಭೀರ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತ್ತು. ಮೀನು, ತರಕಾರಿ, ಸಿಮೆಂಟು ಹೊತ್ತು ರಾತ್ರಿಯಿಡೀ ಘಾಟಿ ಹತ್ತಿಳಿಯುವ ಚಾಲಕನಿಗೆ ಆ ಮಿತಿಯ ಬಗ್ಗೆ ಕೇಳಿ ನೋಡಿ, ನಕ್ಕಾನು. ತಡವಾದರೆ ಬಾಡಿಗೆ ಕಡಿತ. ಆತ ನಿದ್ದೆಗಣ್ಣಿನಲ್ಲಿ ಒಬ್ಬನನ್ನು ಕೊಂದರೆ ಜೈಲಿಗೆ ಆತನೇ. ‘ಬೆಳಗ್ಗೆಯೊಳಗೆ ತಲುಪಿಸು’ ಎಂದ ಮಾಲಕ ಕೋರ್ಟಿಗೆ ಬರುವುದು ಲಾರಿ ಬಿಡಿಸಿಕೊಳ್ಳಲು ಮಾತ್ರ. ರಸ್ತೆ ಗುತ್ತಿಗೆದಾರನ ಪಾಡು ಇನ್ನೂ ಸುಖ. ತಪ್ಪು ವಿನ್ಯಾಸದಿಂದಲೋ ಕಳಪೆ ನಿರ್ವಹಣೆಯಿಂದಲೋ ಸಾವಾದರೆ 2019ರ ತಿದ್ದುಪಡಿ ಆತನಿಗೆ ವಿಧಿಸುವುದು ಗರಿಷ್ಠ 1 ಲಕ್ಷ ರೂಪಾಯಿ ದಂಡ. ಕೋಟಿಗಳ ಗುತ್ತಿಗೆ ಪಡೆದವನಿಗೆ ಇದು ಶಿಕ್ಷೆಯೇ?

ಆದ್ದರಿಂದ 10 ವರ್ಷದ ಸಜೆಯನ್ನು ಬಡ ಚಾಲಕನೊಬ್ಬನ ತಲೆಗೆ ಕಟ್ಟುವ ಕಾನೂನು ನ್ಯಾಯದ ಕಾನೂನಲ್ಲ. ಹಾಗೆಂದು ಅದನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುವುದೂ ನ್ಯಾಯವಲ್ಲ. ಸರಕಾರ ಆ ಉಪಸೆಕ್ಷನನ್ನು ತಿದ್ದಲಿ. ಠಾಣೆಗೆ ಶರಣಾದವನಿಗೆ ಸ್ಪಷ್ಟ ರಕ್ಷಣೆಯಿರಲಿ. ವಿಶ್ರಾಂತಿಯಿಲ್ಲದೆ ದುಡಿಸಿದ ಮಾಲಕನನ್ನೂ ಅದೇ ಪ್ರಕರಣದಲ್ಲಿ ಆರೋಪಿಯಾಗಿಸಲಿ. ಬದಲಿ ಚಾಲಕನನ್ನು ಒದಗಿಸಿದವರಿಗೆ ಜಾಮೀನು ಸುಲಭವಾಗದಂತೆ ನೋಡಿಕೊಳ್ಳಲಿ. 199ಎ ಅಡಿ ದಾಖಲಾದ ಮೊಕದ್ದಮೆಗಳೆಷ್ಟು, ಶಿಕ್ಷೆಯಾದುದೆಷ್ಟು ಎಂಬ ಲೆಕ್ಕವನ್ನು ಪ್ರತಿ ಜಿಲ್ಲೆಯ ಪೊಲೀಸ್ ಇಲಾಖೆ ವರ್ಷಕ್ಕೊಮ್ಮೆ ಜನರ ಮುಂದಿಡಲಿ.

ಸರಕಾರದಿಂದ ಇದನ್ನೆಲ್ಲ ಬೇಡುವ ನೈತಿಕ ಹಕ್ಕು ನಮಗಿರಬೇಕಾದರೆ, ನಮ್ಮ ಜಮಾಅತ್‌ಗಳೂ ಒಂದೆರಡು ನಿರ್ಧಾರಗಳನ್ನು ಕೈಗೊಳ್ಳಬೇಕು. ಲೈಸೆನ್ಸ್ ಇಲ್ಲದ ಹುಡುಗರು ವಾಹನದಲ್ಲಿ ಮಸೀದಿಯ ಅಂಗಳಕ್ಕೆ ಬರದಂತೆ ತಡೆಯುವುದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಮೃತನ ಕುಟುಂಬದ ಪರವಾಗಿ ವಕೀಲರನ್ನು ಗೊತ್ತುಮಾಡಿ ಪರಿಹಾರದ ಅರ್ಜಿ ಸಲ್ಲಿಸುವ ತನಕ ಯಾವ ರಾಜಿ ಮಾತುಕತೆಗೂ ಕೂರುವುದಿಲ್ಲವೆಂದು ಆಡಳಿತ ಸಮಿತಿಗಳು ತೀರ್ಮಾನಿಸಬಹುದು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವನನ್ನು ಪೊಲೀಸರು ಸತಾಯಿಸುವಂತಿಲ್ಲ, ಹೆಸರು ಹೇಳುವಂತೆ ಬಲವಂತಪಡಿಸುವಂತಿಲ್ಲ ಎಂಬುದನ್ನು 134ಎ ಸೆಕ್ಷನ್ ಖಾತ್ರಿಪಡಿಸಿದೆ. 2025ರ ಮೇಯಿಂದ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕದ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ. ಶುಕ್ರವಾರದ ಪ್ರವಚನದಲ್ಲಿ ಇವುಗಳನ್ನು ತಿಳಿಸಿದರೆ ಒಂದಿಷ್ಟು ಪ್ರಾಣಗಳಾದರೂ ಉಳಿದಾವು.

ಮುಂದಿನ ಬಾರಿ ಊರಿನಲ್ಲಿ ಅಪಘಾತವಾದಾಗ, ‘ಲೈಸೆನ್ಸ್ ಇರುವವರು ಯಾರಿದ್ದಾರೆ?’ ಎಂದು ಕೇಳುತ್ತಾ ಒಬ್ಬ ತಂದೆ ನಿಮ್ಮ ಬಾಗಿಲಿಗೆ ಬರಬಹುದು. ಆತನನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿ. ಮಗನ ಕೈ ಹಿಡಿದು ಠಾಣೆಗೆ ಹೋಗಲು ಹೇಳಿ. ಅಲ್ಲಿಂದ ಗಾಯಾಳು ಮಲಗಿರುವ ಆಸ್ಪತ್ರೆಗೂ ಹೋಗಲು ಹೇಳಿ. ಬೇಕಿದ್ದರೆ ನೀವೂ ಜೊತೆಗೆ ಹೋಗಿ.